ಮೊದಲು ಉತ್ತರ ಬರೀರಿ, ತಪ್ಪು ಆಮೇಲೆ ನೋಡೋಣ

ವಿಜಯಪುರದಲ್ಲಿ ಕಾಲೇಜು ಹುಡುಗರಿಗೆ ಇಂಗ್ಲಿಷ್ ಕಲಿಸುತ್ತೇನೆ. ರಜಾ ಅರ್ಜಿ ಬರೀರಿ ಅಂದರೆ 'ಆಸ್ ಐ ಆಮ್ ಸಫರಿಂಗ್ ಫ್ರಂ ಫೀವರ್' ಅಂತ ಒಂದೂ ತಪ್ಪಿಲ್ಲದೆ ಬರೆಯುತ್ತಾರೆ, ಬಾಯಿಪಾಠ ಅಲ್ವಾ. ನಿನ್ನೆ ಸಂಜೆ ಏನು ಮಾಡಿದ್ರಿ, ಅದನ್ನ ಬರೀರಿ ಅಂದರೆ ಪೆನ್ನೇ ಓಡೋದಿಲ್ಲ. ಬರೆದದ್ದನ್ನು ಓದಿ ಉತ್ತರ ಕೊಡುವವರು ಒಬ್ಬರಾದರೂ ಬೇಕು. ಅದಕ್ಕೇ ನಾನು ಇಮೇಲ್ ಹಿಡಿದಿದ್ದೇನೆ.

ವಾರಕ್ಕೊಂದು ಮೇಲ್, ಐದಾರು ಸಾಲು, ತಮ್ಮ ಮನೆ, ಹೊಲ, ಓಣಿಯ ವಿಷಯ. ಟಿಕೋಟಾ ಕಡೆಯ ಹುಡುಗನೊಬ್ಬ ಬರೆದ: 'ಸಂಡೇ ಐ ಆಮ್ ಗೋ ಟು ಫೀಲ್ಡ್. ಗ್ರೇಪ್ ಕಟಿಂಗ್ ಇಸ್ ದೇರ್.' ನಾನು ತಿದ್ದಲಿಲ್ಲ. 'ಸೋ ಯು ವೆಂಟ್ ಟು ದ ಫೀಲ್ಡ್ ಆನ್ ಸಂಡೇ! ವಾಟ್ ಡಿಡ್ ಯು ಡೂ ವಿತ್ ದ ಗ್ರೇಪ್ಸ್?' ಅಂತ ಕೇಳಿದೆ. 'ವಿ ವೆಂಟ್ ಟು ಶೆಡ್. ವಿ ಪುಟ್ ದ ಗ್ರೇಪ್ಸ್ ಫಾರ್ ಡ್ರೈಯಿಂಗ್' ಅಂತ ಬಂತು. ನೋಡಿ, 'ವೆಂಟ್' ತಾನಾಗೇ ಸರಿಯಾಯಿತು. ನನ್ನ ಸಾಲು ಅವನ ರಿಪ್ಲೈ ಕೆಳಗೇ ಇತ್ತಲ್ಲ, ಅಲ್ಲಿಂದ ಎತ್ತಿಕೊಂಡ. ಶೆಡ್‌ಗೆ 'ದ' ಬಿಟ್ಟಿದ್ದಾನೆ, ಇರಲಿ, ಕನ್ನಡದಲ್ಲಿ ಇಲ್ಲದ್ದು ನಿಧಾನಕ್ಕೇ ಬರುತ್ತದೆ. ಒಣದ್ರಾಕ್ಷಿ ಹೇಗೆ ಮಾಡ್ತಾರೆ ಅಂತ ಸರ್‌ಗೆ ಹೇಳುವ ಹುರುಪಿನಲ್ಲಿ ಮುಂದಿನ ಮೇಲ್ ಅವನೇ ಉದ್ದ ಬರೆದ. ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ, ಎಲ್ಲಾ ತಿದ್ದಿ ವಾಪಸ್ ಕಳಿಸಿದರೆ ಮುಂದಿನ ಸಲ ಎರಡೇ ಸಾಲು ಬರುತ್ತದೆ.

ವಾಟ್ಸಾಪ್ ಆಗಲ್ವಾ ಅಂತ ಕೇಳುತ್ತಾರೆ. ಅಲ್ಲಿ 'ಓಕೆ ಸರ್' ಅಂದರೆ ಮಾತು ಮುಗೀತು. ಮೇಲ್‌ನಲ್ಲಿ ಸಬ್ಜೆಕ್ಟ್ ಬರೆಯಬೇಕು, ಅಂದರೆ ಏನು ಹೇಳ್ತಿದ್ದೀನಿ ಅಂತ ಅವರಿಗೇ ಗೊತ್ತಿರಬೇಕು. ಕಂಪ್ಯೂಟರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ 'ಅನ್‌ಡೂ ಸೆಂಡ್' 30 ಸೆಕೆಂಡಿಗೆ ಇಡಿಸಿ. ಕಳಿಸಿದ ತಕ್ಷಣವೇ ತಪ್ಪು ಕಣ್ಣಿಗೆ ಬೀಳುತ್ತದೆ, ಅಷ್ಟರೊಳಗೆ 'ಅನ್‌ಡೂ' ಒತ್ತಿ ಮೇಲ್ ವಾಪಸ್ ತಗೊಂಡು ತಿದ್ದಬಹುದು.

ಎಐ ಹತ್ತಿರ ಬರೆಸಿ ಕಳಿಸುವವರೂ ಇದ್ದಾರೆ. ಬೈಯೋದಕ್ಕಿಂತ, ಶೆಡ್‌ನಲ್ಲಿ ಯಾರ್ಯಾರಿದ್ರು, ಬುತ್ತಿಗೆ ಏನು ಕಟ್ಟಿದ್ರು ಅಂತ ಕೇಳಿ. ಆಗ ಅವರೇ ಬರೀಬೇಕಾಗುತ್ತದೆ.

ಕ್ಲಾಸಿನಲ್ಲಿ ಅರವತ್ತು ಮಂದಿ ಇದ್ದರೆ ಗುಂಪು ಮಾಡಿ, ದಿನಕ್ಕೊಂದು ಗುಂಪಿಗೆ ಉತ್ತರಿಸಿ. ಎರಡು ಸಾಲಾದರೂ ಸಾಕು, ಆದರೆ ಉತ್ತರ ಹೋಗಲೇಬೇಕು, ಸುಮ್ನೆ 'ಗುಡ್' ಅಂದರೆ ನಡೆಯೋದಿಲ್ಲ. ಹಳೇ ಮೇಲ್ ಅಳಿಸಬೇಡಿ ಅಂತ ಮೊದಲೇ ಹೇಳಿಡಿ. ವರ್ಷದ ಕೊನೆಗೆ ಅವರ ಮೊದಲ ಮೇಲ್ ತೆಗೆಸಿ, ಅವರ ಕೈಯಲ್ಲೇ ತಿದ್ದಿಸಿ.