ಕೋಡ್ ಕೊಟ್ಟಿದ್ದೇವೆ ಅಂದರೆ ಏನು ಕೊಟ್ಟಿರಿ?

ಕೆಲವು ತಿಂಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯವರು ನನ್ನ ಹತ್ತಿರ ಬಂದಿದ್ದರು. ವೈಫೈ ರೂಟರ್ ಮಾಡುವವರು, ಒಳಗೆ ಓಡುವುದು ಲಿನಕ್ಸ್, ಲೈಸೆನ್ಸಿನ ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್. ಜರ್ಮನಿಯ ಗ್ರಾಹಕನೊಬ್ಬ ಅದರ ಸೋರ್ಸ್ ಕೋಡ್ (ಪ್ರೋಗ್ರಾಮರುಗಳು ಬರೆದ ಮೂಲ ಕೋಡ್) ಕೇಳಿ ಮೇಲ್ ಹಾಕಿದ್ದ, ಇವರು ಒಂದು ಜಿಪ್ ಫೈಲ್ ಕಳಿಸಿದ್ದರು. ಆತ ಮತ್ತೆ ಬರೆದಿದ್ದ, ಈ ಸಲ ಸ್ವಲ್ಪ ಖಾರವಾಗಿ. "ಕೊಟ್ಟಾಯ್ತಲ್ಲ ಸರ್, ಇನ್ನೇನು ಬೇಕಂತೆ?" ಅಂದರು ಮ್ಯಾನೇಜರು.

ಜಿಪ್ ಬಿಚ್ಚಿದೆ. ಲಿನಕ್ಸ್‌ನ ತಿರುಳಾದ ಕರ್ನೆಲ್ ಇತ್ತು, ನೆಟ್‌ನಿಂದ ಇಳಿಸಿಕೊಂಡ ಹಾಗೇ. ತಮ್ಮ ಬೋರ್ಡಿಗೆ ಹೊಂದಿಸಲು ಇವರ ಎಂಜಿನಿಯರುಗಳು ಮಾಡಿದ ಒಂದು ತಿದ್ದುಪಡಿಯೂ ಅದರಲ್ಲಿಲ್ಲ. ಯಾವ ಆಯ್ಕೆಗಳಿಂದ ಕಟ್ಟಬೇಕು ಅಂತ ಹೇಳುವ ಕಾನ್ಫಿಗ್ ಫೈಲ್ ಇಲ್ಲ, ಕಟ್ಟುವ ಕೆಲಸ ನಡೆಸುವ ಬಿಲ್ಡ್ ಸ್ಕ್ರಿಪ್ಟ್ ಇಲ್ಲ. ರೂಟರಿನಲ್ಲಿದ್ದ ಬ್ಯುಸಿಬಾಕ್ಸ್‌ನ (ಲಿನಕ್ಸ್‌ನ ಸಣ್ಣ ಸಣ್ಣ ಕಮಾಂಡುಗಳ ಕಟ್ಟು) ಸುಳಿವೂ ಇಲ್ಲ.

ಕರ್ನೆಲ್‌ಗೆ ಅನ್ವಯವಾಗುವ ಲೈಸೆನ್ಸ್ ಜಿಪಿಎಲ್, ಅದರ ಎರಡನೇ ಆವೃತ್ತಿ, 1991ರದ್ದು. ಬಳಸಿ, ತಿದ್ದಿ, ಮಾರಿ, ಅಡ್ಡಿಯಿಲ್ಲ. ಬೈನರಿ, ಅಂದರೆ ಸೋರ್ಸನ್ನು ಕಂಪೈಲ್ ಮಾಡಿ ಪಡೆದ, ಯಂತ್ರ ಓಡಿಸುವ ರೂಪ, ಹಂಚಿದರೆ ಮಾತ್ರ ಅದರ ಸೋರ್ಸನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಕಂಪನಿಯ ಒಳಗೇ ಬಳಸಿಕೊಂಡರೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಮೂರನೇ ಕಲಮಿನಲ್ಲಿ. ಸೋರ್ಸ್ ಅಂದರೆ ಎಲ್ಲಾ ಮಾಡ್ಯೂಲುಗಳ ಜೊತೆಗೆ, ಕಂಪೈಲ್ ಮಾಡಲು ಮತ್ತು ಇನ್‌ಸ್ಟಾಲ್ ಮಾಡಲು ಬಳಸಿದ ಸ್ಕ್ರಿಪ್ಟುಗಳೂ ಸೇರಿ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಡಬ್ಬಿಯಲ್ಲಿ ಹೋದ ಆ ಬೈನರಿಗೆ ಸರಿಹೊಂದುವ ಸೋರ್ಸ್ ಬೇಕು. ಅದರ ದೂರದ ನೆಂಟ ಆಗುವುದಿಲ್ಲ.

"ಆದರೆ ಈ ಕೋಡ್ ನಮ್ಮದಲ್ಲ, ಚಿಪ್‌ನವರು ಕೊಟ್ಟದ್ದು" ಅಂದರು. ಇದು ಹಳೇ ಕಥೆ. 2003ರಲ್ಲಿ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರಿನಲ್ಲಿ ಲಿನಕ್ಸ್ ಇರುವುದನ್ನು ಬಳಕೆದಾರರು ಪತ್ತೆ ಹಚ್ಚಿದರು. ಒಳಗಿನ ಚಿಪ್ ಬ್ರಾಡ್‌ಕಾಮ್‌ನದು. ಆದರೆ ಉತ್ತರ ಹೇಳಬೇಕಾದದ್ದು ಡಬ್ಬಿ ಮಾರಿದ ಲಿಂಕ್‌ಸಿಸ್, ಮತ್ತು ಆ ವರ್ಷವೇ ಅದನ್ನು ಕೊಂಡಿದ್ದ ಸಿಸ್ಕೋ. ಕೊನೆಗೆ ಕೋಡ್ ಹೊರಬಂತು, ಅದರಿಂದಲೇ ರೂಟರುಗಳಿಗಾಗಿನ ಮುಕ್ತ ಲಿನಕ್ಸ್ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಹಂಚಿದವನೇ ಹೊಣೆ. ಹಾಗಾಗಿ ಚಿಪ್‌ನವರ ಜೊತೆ ಒಪ್ಪಂದ ಮಾಡುವಾಗಲೇ ಪೂರ್ತಿ ಸೋರ್ಸ್ ಕೇಳಿ ಇಟ್ಟುಕೊಳ್ಳಬೇಕು. ಸರಕು ಮಾರಿ ಮುಗಿದ ಮೇಲೆ ಕೇಳಿದರೆ ಅವರು ಫೋನೇ ಎತ್ತುವುದಿಲ್ಲ.

ಯಾರಿಗೆ ಕೊಡಬೇಕು ಅನ್ನುವುದರಲ್ಲಿ ಒಂದು ಸೂಕ್ಷ್ಮವಿದೆ. ಸರಕಿನ ಜೊತೆಗೇ ಸೋರ್ಸ್ ಕೊಟ್ಟರೆ ಲೆಕ್ಕ ಅಲ್ಲಿಗೇ ಚುಕ್ತಾ. ಬದಲಿಗೆ "ಕೇಳಿದರೆ ಕೊಡುತ್ತೇವೆ" ಅಂತ ಬರೆದುಕೊಟ್ಟರೆ, ಆ ಮಾತು ಕನಿಷ್ಠ 3 ವರ್ಷ ನಡೆಯಬೇಕು, ಮತ್ತು ಯಾರು ಕೇಳಿದರೂ ಕೊಡಬೇಕು, ರೂಟರ್ ಕೊಳ್ಳದವನಿಗೂ. ಮ್ಯಾನುಯಲ್‌ನ ಕೊನೇ ಪುಟದಲ್ಲಿ ಒಂದು ಸಾಲು ಅಚ್ಚು ಹಾಕುವುದು ಸುಲಭ ಅಂತ ಎಲ್ಲರೂ ಅದನ್ನೇ ಆರಿಸುತ್ತಾರೆ. ನನ್ನನ್ನು ಕೇಳಿದರೆ ಅದು ಸಾಲದ ಚೀಟಿ. ಫರ್ಮ್‌ವೇರ್ (ರೂಟರಿನೊಳಗೆ ಓಡುವ ಸಾಫ್ಟ್‌ವೇರ್) ಇಳಿಸಿಕೊಳ್ಳುವ ಜಾಗದಲ್ಲೇ, ಅದರ ಪಕ್ಕದಲ್ಲೇ, ಸೋರ್ಸನ್ನೂ ಇಡಿ. ಹಾಗೆ ಇಳಿಸಿಕೊಂಡವರ ಮಟ್ಟಿಗೆ ಅದು ಸಾಕು ಅಂತ ಲೈಸೆನ್ಸೇ ಹೇಳುತ್ತದೆ. ಡಬ್ಬಿಯಲ್ಲಿ ಹೋಗುವ ಪ್ರತಿಯ ಲೆಕ್ಕ ಬೇರೆ, ಅದರ ಜೊತೆಗೂ ಸೋರ್ಸ್ ಹೋಗಲಿ.

ತಪ್ಪಿದರೆ ಎರಡನೇ ಆವೃತ್ತಿಯಲ್ಲಿ ಹಕ್ಕು ತಾನಾಗೇ ರದ್ದು, ಆಮೇಲೆ ಮಾರಿದ ಪ್ರತಿ ಡಬ್ಬಿಯೂ ಕೃತಿಸ್ವಾಮ್ಯ ಉಲ್ಲಂಘನೆ. 2007ರ ಮೂರನೇ ಆವೃತ್ತಿ ಕೊಂಚ ಮೆದು: ಮೊದಲ ತಪ್ಪಾದರೆ, ನೋಟಿಸ್ ಬಂದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಉಳಿಯುತ್ತದೆ. ವೆಬ್ ಸೇವೆ ನಡೆಸುವವರು ಜಿಪಿಎಲ್‌ನ ಸೋದರ ಲೈಸೆನ್ಸಾದ ಎಜಿಪಿಎಲ್ ಅನ್ನು ಬೇರೆಯಾಗಿಯೇ ಓದಬೇಕು. ಅಲ್ಲಿ ಕೋಡನ್ನು ತಿದ್ದಿ ಸರ್ವರಿನಲ್ಲಿ ಓಡಿಸಿದರೂ, ನೆಟ್‌ವರ್ಕ್ ಮೂಲಕ ಬಳಸುವವರಿಗೆ ಸೋರ್ಸ್ ಸಿಗಬೇಕು.

ಆ ಕಂಪನಿಗೆ ಒಂದು ಪರೀಕ್ಷೆ ಹೇಳಿಕೊಟ್ಟೆ. ಈ ಪ್ರಾಜೆಕ್ಟಿನ ಮುಖವನ್ನೇ ನೋಡದ ಟ್ರೇನಿಯೊಬ್ಬರಿಗೆ ಹೊಸ ಲ್ಯಾಪ್‌ಟಾಪ್ ಮತ್ತು ಜಿಪ್ ಫೈಲ್ ಕೊಡಿ, ಬೇರೇನೂ ಬೇಡ. ಅವರು ಕಟ್ಟಿದ ಫರ್ಮ್‌ವೇರಿನಲ್ಲಿ ರೂಟರ್ ಏಳಬೇಕು. ಮೊದಲ ದಿನ ಬಿಲ್ಡ್ ನಾಲ್ಕನೇ ನಿಮಿಷಕ್ಕೇ ನಿಂತಿತು. ಕೆಲಸ ಬಿಟ್ಟು ಎರಡು ವರ್ಷವಾಗಿದ್ದ ಎಂಜಿನಿಯರೊಬ್ಬರ ಹೋಮ್ ಫೋಲ್ಡರಿನ ವಿಳಾಸವನ್ನು ಸ್ಕ್ರಿಪ್ಟ್ ಹುಡುಕುತ್ತಿತ್ತು.