ಕ್ಯಾಮೆರಾ ನೆತ್ತಿಯ ಮೇಲಿನ ಗೀಟು

ಪ್ರಶ್ನೆ: ನಮ್ಮದು ಮೈಸೂರು. ಬೀಟೆ ಮರದ ಇನ್‌ಲೇ ಫಲಕಗಳ ಫೋಟೊ ತೆಗೆದು ಆನ್‌ಲೈನಲ್ಲಿ ಮಾರುತ್ತೇವೆ. ಈಚೆಗೆ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ 100 ಎಂಎಂ ಎಲ್ ಸರಣಿಯ ಮ್ಯಾಕ್ರೊ ಲೆನ್ಸ್ ತಗೊಂಡೆ. ಕನಿಷ್ಠ ಫೋಕಸ್ ದೂರ 0.3 ಮೀಟರ್ ಅಂತಿದೆ. ಸ್ಕೇಲ್ ಹಿಡಿದು ನೋಡಿದರೆ ಲೆನ್ಸ್ ಮೂತಿಯಿಂದ 13 ಸೆಂ.ಮೀ.ಗೇ ಫೋಕಸ್ ಕೂರುತ್ತಿದೆ. ಲೆನ್ಸಲ್ಲೇನಾದರೂ ದೋಷವಿದೆಯಾ? ಕ್ಯಾಮೆರಾ ಮೇಲೆ ಸೊನ್ನೆಗೆ ಅಡ್ಡಗೀಟು ಹೊಡೆದಂಥ ಗುರುತೊಂದಿದೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಲೆನ್ಸೂ ಸರಿಯಿದೆ, ಸ್ಕೇಲೂ ಸರಿಯಿದೆ. ನೀವು ಅಳತೆ ಶುರು ಮಾಡಿದ ಜಾಗ ಬೇರೆ, ಲೆನ್ಸ್ ಮಾಡಿದವರು ಶುರು ಮಾಡಿದ ಜಾಗ ಬೇರೆ. ಅವರ ಅಳತೆ ಹೊರಡುವುದು ನೀವು ಕೇಳಿದ ಆ ಗುರುತಿನಿಂದಲೇ.

ನಿಂಬೆಹಣ್ಣಿಗೆ ಕಡ್ಡಿ ಚುಚ್ಚಿದ ಹಾಗೆ ಕಾಣುವ ಆ ಗುರುತಿನಲ್ಲಿ ಕೆಲಸಕ್ಕೆ ಬರುವುದು ಕಡ್ಡಿ ಮಾತ್ರ. ಆ ಗೀಟಿನ ನೇರ ಕೆಳಗೆ, ಕ್ಯಾಮೆರಾದ ಹೊಟ್ಟೆಯೊಳಗೆ, ಸೆನ್ಸರಿನ ಮುಖವಿದೆ. ಬಿಂಬ ಬಂದು ಬೀಳುವುದು ಅಲ್ಲಿ. ರೀಲಿನ ಕಾಲದಲ್ಲಿ ಅದೇ ಜಾಗದಲ್ಲಿ ಫಿಲ್ಮ್ ಇರುತ್ತಿತ್ತು, ಗುರುತು ಆಗಲೂ ಇದೇ.

ನಿಮ್ಮ ಲೆಕ್ಕವನ್ನೇ ಬಿಡಿಸೋಣ. ಕ್ಯಾನನ್ ಇಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಲೋಹದ ಬಳೆಯಿಂದ ಸೆನ್ಸರಿಗೆ 44 ಮಿ.ಮೀ. ನಿಮ್ಮ ಲೆನ್ಸಿನ ಉದ್ದ 123 ಮಿ.ಮೀ. ಫೋಕಸ್ ಮಾಡುವಾಗ ಇದು ಮುಂದಕ್ಕೆ ಬೆಳೆಯುವುದಿಲ್ಲ, ಒಳಗಿನ ಗಾಜುಗಳಷ್ಟೇ ಸರಿದಾಡುತ್ತವೆ. 300ರಲ್ಲಿ ಈ ಎರಡನ್ನೂ ಕಳೆಯಿರಿ: 133 ಮಿ.ಮೀ. ಉಳಿಯಿತು. ನಿಮ್ಮ 13 ಸೆಂಟಿಮೀಟರು ಸಿಕ್ಕಿತಲ್ಲ?

ಮೂತಿಯಿಂದಲೇ ಅಳೆದು ಬರೆದಿದ್ದರೆ ಎಲ್ಲರಿಗೂ ಸಲೀಸಾಗುತ್ತಿತ್ತಲ್ಲ ಅನ್ನಿಸಬಹುದು. ಆದರೆ ಮೂತಿ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಎಷ್ಟೋ ಜೂಮ್ ಲೆನ್ಸುಗಳು ತಿರುಗಿಸಿದಂತೆಲ್ಲ ಕತ್ತು ಚಾಚುತ್ತವೆ, ಕೆಲವು ಫೋಕಸ್ ಮಾಡುವಾಗಲೂ ಚಾಚುತ್ತವೆ. ಅಲುಗದೆ ಇರುವುದು ಸೆನ್ಸರ್, ಅದಕ್ಕೇ ಸೊನ್ನೆ ಅಲ್ಲಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಮಂಡ್ಯ ಹತ್ತಿರದ ಆಲೆಮನೆಯೊಂದರಲ್ಲಿ ಕಿರುಚಿತ್ರದ ಶೂಟಿಂಗ್. ಕೊಪ್ಪರಿಗೆಯ ಹಬೆಗೆ ಆಟೊಫೋಕಸ್ ತಬ್ಬಿಬ್ಬಾಗುತ್ತಿತ್ತು, ಹಾಗಾಗಿ ಟೇಪ್ ಹಿಡಿದು ಕೈಯಲ್ಲೇ ಫೋಕಸ್ ಇಡೋಣ ಅಂದೆ. ಸಹಾಯಕ್ಕಿದ್ದ ಹುಡುಗ, ‘ಅಣ್ಣ, ಟೇಪು ಲೆನ್ಸಿಂದ ಹಿಡೀಲಾ, ಹಿಂದ್ಗಡೆಯಿಂದ್ಲಾ?’ ಅಂತ ಕೇಳಿದ. ‘ಲೆನ್ಸಿಂದ್ಲೇ ಹಿಡಿಯೋ’ ಅಂದುಬಿಟ್ಟೆ. ಪಾಕ ತಿರುವುತ್ತಿದ್ದವರ ಕಣ್ಣಿಗೆ 1.2 ಮೀಟರ್ ಬಂತು, ಲೆನ್ಸಿನ ಮೇಲೂ 1.2 ಇಟ್ಟೆ. 50 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸೊಳಗೆ ಬೆಳಕು ಬಿಡುವ ರಂಧ್ರ) ಎಫ್/2, ಅಂದರೆ ಸಾಕಷ್ಟು ಅಗಲ. ಅಷ್ಟು ಹತ್ತಿರದಲ್ಲಿ ಚೊಕ್ಕವಾಗಿ ಕಾಣುವ ಪದರ ಒಟ್ಟು ಸುಮಾರು 7 ಸೆಂ.ಮೀ. ನಾನು ತಪ್ಪಿದ್ದು 10 ಸೆಂ.ಮೀ. ರಾತ್ರಿ ಲ್ಯಾಪ್‌ಟಾಪಲ್ಲಿ ನೋಡಿದರೆ ಅವರ ಮುಂಗೈ ಮೇಲಿನ ಕೂದಲು ಒಂದೊಂದೂ ಎಣಿಸುವ ಹಾಗಿದೆ, ಕಣ್ಣು ಮಾತ್ರ ಮಂಜು. ಸಿನಿಮಾ ಕ್ಯಾಮೆರಾಗಳಲ್ಲಿ ಟೇಪ್ ಸಿಕ್ಕಿಸಲಿಕ್ಕೆಂದೇ ಈ ಗೀಟಿನ ಹತ್ತಿರ ಒಂದು ಕೊಕ್ಕೆ ಇರುತ್ತದೆ. ನಾನು ಕೊಕ್ಕೆ ನೋಡಿದ್ದೆ, ಯಾಕಿದೆ ಅಂತ ಯೋಚಿಸಿರಲಿಲ್ಲ.

ಮಿರರ್‌ಲೆಸ್ ಕ್ಯಾಮೆರಾದವರಿಗೆ ಒಂದು ಮಾತು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಇರುವ ಕನ್ನಡಿ ಇವುಗಳಲ್ಲಿಲ್ಲ, ಹಾಗಾಗಿ ಸೆನ್ಸರ್ ಲೆನ್ಸಿನ ಹತ್ತಿರಕ್ಕೆ ಸರಿದಿದೆ. ನಿಕಾನ್‌ನ 1959ರ ಎಫ್ ಮೌಂಟಿನಲ್ಲಿ ಈ ಅಂತರ 46.5 ಮಿ.ಮೀ., 2018ರ ಝಡ್ ಮೌಂಟಿನಲ್ಲಿ 16. ಹಾಗಾಗಿ ಹಳೆಯ ಕ್ಯಾಮೆರಾದ ಅಂದಾಜನ್ನು ಹೊಸದಕ್ಕೆ ಹಚ್ಚಬೇಡಿ, ಗೀಟು ನೋಡಿ. ಮೊಬೈಲಿನಲ್ಲಿ ಗಾಜಿಗೂ ಸೆನ್ಸರಿಗೂ ನಡುವೆ ಇರುವುದೇ ಕೆಲವು ಮಿಲಿಮೀಟರ್, ಅಲ್ಲಿ ಈ ತಲೆನೋವಿಲ್ಲ.

ಪನೋರಮಾ ತೆಗೆಯುವಾಗ ಕ್ಯಾಮೆರಾವನ್ನು ಈ ಗೀಟಿನ ಮೇಲೇ ತಿರುಗಿಸಬೇಕು ಅನ್ನುವವರಿದ್ದಾರೆ. ತಪ್ಪು. ತಿರುಗಿಸಬೇಕಾದದ್ದು ಲೆನ್ಸಿನ ಮುಂದಿನಿಂದ ಇಣುಕಿದಾಗ ಅಪರ್ಚರ್ ರಂಧ್ರ ಎಲ್ಲಿ ಕಾಣುತ್ತದೋ ಆ ಬಿಂದುವಿನ ಮೇಲೆ. ಅದು ಸಾಮಾನ್ಯವಾಗಿ ಗೀಟಿಗಿಂತ ಸಾಕಷ್ಟು ಮುಂದಿರುತ್ತದೆ.

ನಿಮ್ಮ ಕೆಲಸಕ್ಕೆ ಗೀಟು ಬೇರೊಂದು ರೀತಿಯಲ್ಲಿ ಒದಗುತ್ತದೆ, ಇದನ್ನು ಹೇಳುವವರು ಕಮ್ಮಿ. ಫಲಕವನ್ನು ಗೋಡೆಗೆ ನೆಟ್ಟಗೆ ಆನಿಸಿ, ಸ್ಟೂಲ್ ಹತ್ತಿ ಮೇಲಿನಿಂದ ನೋಡಿ. ಗೀಟೂ ಫಲಕದ ಮೇಲಂಚೂ ರೈಲು ಕಂಬಿಗಳಂತೆ ಸಮಾನಾಂತರ ಇದ್ದರೆ ಎಡ-ಬಲ ಎರಡೂ ತುದಿ ಒಂದೇ ಸಮ ಚೊಕ್ಕವಾಗಿ ಬರುತ್ತವೆ. ಸ್ವಲ್ಪ ಓರೆಯಾದರೂ ಫಲಕದಲ್ಲಿರುವ ಆನೆಯ ಸೊಂಡಿಲು ನಿಚ್ಚಳ, ಬಾಲ ಮಸುಕು.

ಇನ್ನು ಆ 13 ಸೆಂಟಿಮೀಟರಿನ ವಿಷಯ. ಮೂತಿಗೆ ಹುಡ್ (ಬೆಳಕು ತಡೆಯುವ ಕೊಳವೆ) ಹಾಕಿದರೆ ಅದೂ ಕಮ್ಮಿಯಾಗಿ, ಲೆನ್ಸಿನ ನೆರಳೇ ಮರದ ಮೇಲೆ ಬೀಳುತ್ತದೆ. ಅಷ್ಟು ಹತ್ತಿರ ಹೋಗುವ ಅಗತ್ಯ ನಿಮಗೆ ಬೀಳುವುದೂ ಅಪರೂಪ. ಅಲ್ಲಿ ಫುಲ್‌ಫ್ರೇಮ್ ಕ್ಯಾಮೆರಾದಲ್ಲೇ ತುಂಬುವುದು 36×24 ಮಿ.ಮೀ. ಜಾಗ. ದಸರಾ ಆನೆಯ ಫಲಕವಾದರೆ ಆನೆಯ ಕಣ್ಣೂ ಅದರ ಸುತ್ತ ಒಂದಿಷ್ಟು ಮರವೂ ಬಂದೀತು. ಅಂಬಾರಿ ಸಮೇತ ಬೇಕೆಂದರೆ ಟ್ರೈಪಾಡನ್ನು ಹಿಂದಕ್ಕೆ ಎಳೆದುಕೊಳ್ಳಿ.