ಚರ್ಚ್ ಇದ್ದರೂ ಸಂತರ ಹೆಸರಲ್ಲಿ ಬೇರೆ ಸಂಘ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಕ್ಯಾಥೊಲಿಕ್ ಚರ್ಚ್‌ಗಳು ಮೊದಲೇ ಇದ್ದವಲ್ಲ. ಆದರೂ ಇಟಲಿಯಿಂದ ಹೋದವರು ತಮ್ಮ ತಮ್ಮ ಸಂತರ ಹೆಸರಲ್ಲಿ ಸಂಘಗಳನ್ನು ಯಾಕೆ ಕಟ್ಟಿಕೊಂಡರು?

ಚರ್ಚ್ ಇತ್ತು, ಆದರೆ ಅದರಲ್ಲಿ ಅವರಿಗೆ ಜಾಗ ಇರಲಿಲ್ಲ. ನ್ಯೂಯಾರ್ಕ್‌ನ ಪೂರ್ವ ಹಾರ್ಲೆಮ್‌ನಲ್ಲಿ ನಡೆದದ್ದನ್ನೇ ನೋಡಿ. ದಕ್ಷಿಣ ಇಟಲಿಯ ಪೊಲ್ಲಾ ಊರಿನವರು 1880ರ ದಶಕದ ಆರಂಭದಲ್ಲಿ ಅಲ್ಲಿ ಕಾರ್ಮೆಲ್ ಮಾತೆಯ, ಅಂದರೆ ಯೇಸುವಿನ ತಾಯಿ ಮೇರಿಯ, ಹೆಸರಲ್ಲಿ ಸಂಘ ಮಾಡಿಕೊಂಡರು. 1884ರಲ್ಲಿ 115ನೇ ಬೀದಿಯಲ್ಲಿ ಚರ್ಚ್ ಕಟ್ಟುವಾಗ, ಹಗಲೆಲ್ಲ ಕೂಲಿ ಮಾಡಿ ದಣಿದ ಇಟಲಿಯವರೂ ಬಂದು ಕೈಜೋಡಿಸಿದರು. ಕಟ್ಟಡ ಮುಗಿದ ಮೇಲೆ ಅವರ ಪಾಲಿಗೆ ಬಂದದ್ದು ನೆಲಮಾಳಿಗೆ! ಮೇಲಿನ ಪೀಠಕ್ಕೆ ಮಾತೆಯ ಪ್ರತಿಮೆ ಏರಿದ್ದು ದಶಕಗಳು ಕಳೆದ ಮೇಲೆ. ಇಷ್ಟು ದೀರ್ಘ ಅವಮಾನವನ್ನು ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಆಗ ಅಮೆರಿಕದ ಕ್ಯಾಥೊಲಿಕ್ ಚರ್ಚಿನ ಆಡಳಿತ ಹೆಚ್ಚಾಗಿ ಐರಿಷ್ ಮೂಲದ ಪಾದ್ರಿಗಳ ಕೈಯಲ್ಲಿತ್ತು. ಪ್ರತಿಮೆಯನ್ನು ಹೊತ್ತು ಬೀದಿ ಸುತ್ತುವುದು, ಬ್ಯಾಂಡ್, ಪಟಾಕಿ, ವಾಸಿಯಾದ ಕೈಕಾಲಿನ ಮೇಣದ ಅಚ್ಚನ್ನು ಹರಕೆಯಾಗಿ ಒಪ್ಪಿಸುವುದು, ಇವೆಲ್ಲ ಅವರಲ್ಲಿ ಅನೇಕರಿಗೆ ಮೂಢನಂಬಿಕೆಯಂತೆ ಕಂಡವು. ಸಂಘ ತಮ್ಮದೇ ಆದರೆ ಹಬ್ಬ ಹೇಗೆ ನಡೆಯಬೇಕೆಂದು ಊರವರೇ ತೀರ್ಮಾನಿಸಬಹುದಿತ್ತು.

ಇನ್ನೊಂದು ಕಾರಣ ಹೊಟ್ಟೆಪಾಡಿನದು. ನನ್ನ ಮಟ್ಟಿಗೆ ಇದಕ್ಕೂ ಅಷ್ಟೇ ತೂಕ. ಸುರಂಗ ತೋಡುವವನ ಕಾಲು ಮುರಿದರೆ ಮನೆ ನಡೆಸುವವರು ಯಾರು? ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ಕಾನೂನು ನ್ಯೂಯಾರ್ಕ್‌ನಲ್ಲಿ ಗಟ್ಟಿಯಾಗಿ ನೆಲೆ ನಿಂತದ್ದು 1914ರಲ್ಲಿ. ಅದಕ್ಕೂ ಮೊದಲಿನಿಂದ ಇಂಥ ಸಂಘಗಳು ಸದಸ್ಯರಿಂದ ತಿಂಗಳ ವಂತಿಗೆ ಎತ್ತಿ, ಕಾಯಿಲೆ ಬಿದ್ದವರಿಗೆ ನೆರವಾಗುತ್ತಿದ್ದವು, ಸತ್ತವರಿಗೆ ಮರ್ಯಾದೆಯ ಶವಸಂಸ್ಕಾರ ಮಾಡಿಸುತ್ತಿದ್ದವು. ಬಂಧು ಬಳಗವಿಲ್ಲದ ನಾಡಿನಲ್ಲಿ ಅನಾಥ ಹೆಣವಾಗುವ ಭಯ ಸಣ್ಣದಲ್ಲ.

ಹಾಗಾದರೆ ಇಟಲಿಯವರಿಗೆಲ್ಲ ಸೇರಿ ಒಂದೇ ಸಂಘ ಸಾಲದೇ? ಇಟಲಿ ಒಂದು ದೇಶವಾದದ್ದೇ 1861ರಲ್ಲಿ. ಬಂದವರ ಮನಸ್ಸಿನಲ್ಲಿ ದೇಶಕ್ಕಿಂತ ಊರು ದೊಡ್ಡದು, ಊರೆಂದರೆ ಅದರ ಸಂತ. ದಕ್ಷಿಣ ಇಟಲಿಯ ನೋಲಾ ಊರಿನವರು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸಂತ ಪಾವ್ಲಿನೊ ಹಬ್ಬವನ್ನು 1903ರಲ್ಲಿ ಶುರುಮಾಡಿದರು. ಆ ಹಬ್ಬದಲ್ಲಿ ಎತ್ತರದ ಗೋಪುರವೊಂದನ್ನು ನೂರಕ್ಕೂ ಹೆಚ್ಚು ಗಂಡಸರು ಹೆಗಲ ಮೇಲೆ ಹೊರುತ್ತಾರೆ. ಸಿಸಿಲಿಯ ಶಾಕ್ಕಾದಿಂದ ಬಂದ ಬೆಸ್ತರು ಬೋಸ್ಟನ್‌ನ ನಾರ್ತ್ ಎಂಡ್‌ನಲ್ಲಿ ತಮ್ಮೂರಿನ ‘ಮದೋನ್ನಾ ದೆಲ್ ಸೊಕ್ಕೋರ್ಸೊ’ (ನೆರವಿನ ಮಾತೆ ಮೇರಿ) ಹಬ್ಬವನ್ನು 1910ರಿಂದ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ದೇವದೂತೆಯ ವೇಷದ ಹುಡುಗಿಯನ್ನು ಹಗ್ಗಕ್ಕೆ ಕಟ್ಟಿ, ಬೀದಿಯ ಮೇಲೆ ತೇಲಿಸುತ್ತ ಮಾತೆಯ ಪ್ರತಿಮೆಯ ಎದುರಿಗೆ ತರುತ್ತಾರೆ. ಕೆಳಗೆ ಪ್ರತಿಮೆಯ ರಿಬ್ಬನ್‌ಗಳಿಗೆ ಭಕ್ತರು ಪಿನ್ ಹಾಕಿ ಸಿಕ್ಕಿಸಿದ ಡಾಲರ್ ನೋಟುಗಳಿರುತ್ತವೆ. ಆ ಬೆಸ್ತರ ವಂಶದವರು ಪ್ರತಿ ಆಗಸ್ಟ್‌ನಲ್ಲಿ ಇಂದಿಗೂ ಈ ಹಬ್ಬ ಮಾಡುತ್ತಾರೆ.